ಅಲುಗಾಡಿದೆ ಎಂದಿದ್ದಿರಲ್ಲ, ಆ ಚಿತ್ರ

ಕಾಕಾ,

ಮೊದಲು 'ಪ್ರೀತಿಯ' ಎಂದು ಬರೆದಿದ್ದೆ. ಹೊಡೆದು ಹಾಕಿದೆ. ನೀವು ಅಪ್ಪನ ಗೆಳೆಯರು, ಹುಟ್ಟಿದಾಗಿನಿಂದ ಕರೆದು ರೂಢಿಯಾದ 'ಕಾಕಾ' ಮಾತ್ರ ಉಳಿಯಲಿ.

ಬೆಳಗಾವಿಯ ಅಂಗಡಿಗೆ ಟ್ರೈಪಾಡ್ ಕೊಳ್ಳಲು ಹೋದ ದಿನ ನೆನಪಿದೆಯೇ? ಶಾಲೆಯಲ್ಲಿ ಪಾಠ ಹೇಳಿ ಭಾನುವಾರಕ್ಕಷ್ಟೇ ಕ್ಯಾಮೆರಾ ಹಿಡಿಯುವ ನಾನು ಹಗುರವಾದದ್ದನ್ನೇ ಆರಿಸಿದ್ದೆ. ನೀವು ಅದರ ನಡುವಿನ ಕೋಲನ್ನು ಪೂರ್ತಿ ಮೇಲೆಳೆದು, ನೆತ್ತಿಯ ಮೇಲೆ ಒಂದು ಬೆರಳಿಟ್ಟಿರಿ. ಇಡೀ ಸ್ಟ್ಯಾಂಡು ನಡುಗಿತು. "ಬೆರಳಿಗೇ ಹಿಂಗ ನಡುಗೂದು, ಜಾಂಬೋಟಿ ಗಾಳಿಗೆ ನಿಂದರತೈತೇನ್ ವಿದ್ಯಾ?" ಎಂದಿರಿ. ಕೊನೆಗೆ ನಡುಗೋಲಿಲ್ಲದ, ಕಾಲುಗಳನ್ನು ನೆಲಮಟ್ಟಕ್ಕೆ ಚಾಚಬಹುದಾದ ಗಟ್ಟಿಯದನ್ನು ಆರಿಸಿಕೊಟ್ಟಿರಿ. ಕಾಲಿನ ದಪ್ಪ ಭಾಗವನ್ನು ಮೊದಲು ಎಳೆಯಬೇಕು, ಇಳಿಜಾರಿನಲ್ಲಿ ಒಂದು ಕಾಲು ಕೆಳಗಿನ ಕಡೆಗಿರಬೇಕು, ಗುಂಡಿ ಒತ್ತುವಾಗಲೂ ಅಲುಗುತ್ತದೆ, ಅದಕ್ಕೆ ಟೈಮರ್... ಎಲ್ಲ ನಿಮ್ಮದೇ ಪಾಠ.

ಜಾಂಬೋಟಿಯ ಗದ್ದೆಯಲ್ಲಿ ನಾಟಿ ನಡೆದಿದ್ದ ಆ ಬೆಳಗ್ಗೆ, ಮೊಣಕಾಲು ನೋವೆಂದು ನೀವು ರಸ್ತೆ ಬದಿಯ ಕಲ್ಲಿನ ಮೇಲೆ ಕೂತಿರಿ. ನಾನು ಟ್ರೈಪಾಡನ್ನು ಕೆಸರಿಗೆ ತಾಗುವಷ್ಟು ತಗ್ಗಿಸಿ ಬದುವಿನ ಮೇಲೆ ಬೋರಲು ಮಲಗಿದೆ. ಷಟರ್ ಒಂದು ಸೆಕೆಂಡು ತೆರೆದಿರುವಂತೆ ಇಟ್ಟೆ. ಸಸಿ ನೆಡುವ ಕೈಗಳೆಲ್ಲ ಹೊಗೆಯಂತೆ ಹರಡಬೇಕು, ಬೆನ್ನು ನೆಟ್ಟಗೆ ಮಾಡಿ ನಿಂತು ನನ್ನನ್ನು ನೋಡಿ ನಗುತ್ತಿದ್ದ ಅಜ್ಜಿ ಮಾತ್ರ ಸ್ಪಷ್ಟ ಬರಬೇಕು ಎಂಬ ಆಸೆ. ಬಂತೋ ಇಲ್ಲವೋ ನೋಡುವ ಮೊದಲೇ ಮಳೆ ಸುರಿಯಿತು.

ಖಾಸಬಾಗದ ನಿಮ್ಮ ಮನೆಯಲ್ಲಿ ಕ್ಯಾಮೆರಾದ ಕಾರ್ಡನ್ನು ನಿಮ್ಮ ಕೈಗಿತ್ತು ಸ್ನಾನಕ್ಕೆ ಹೋದೆ. ನಿಮ್ಮ ಮಗಳು ನೀಲಾ ತನ್ನ ಚೂಡಿದಾರ ಕೊಟ್ಟಳು. ಬರುವಷ್ಟರಲ್ಲಿ ನೀವು ಕಂಪ್ಯೂಟರ್ ಮುಚ್ಚಿದ್ದಿರಿ. "ಎಲ್ಲಾ ಅಲುಗಾಡ್ಯಾವು. ಅಳಿಸಿಬಿಟ್ಟೆ. ಇದು ನಿನ್ನ ಕೈಲೆ ಆಗೂದಲ್ಲ ಬಿಡು" ಎಂದಿರಿ. ನಿಮ್ಮನ್ನು ನಂಬದೆ ಇನ್ಯಾರನ್ನು ನಂಬಲಿ? ಪೀರನವಾಡಿಯ ನಮ್ಮ ಮನೆಯ ಅಟ್ಟ ಸೇರಿದ ಟ್ರೈಪಾಡ್ ಮೂರು ವರ್ಷ ಕೆಳಗಿಳಿಯಲಿಲ್ಲ.

ನಿಮ್ಮ ಮೊದಲ ವರ್ಷದ ಪುಣ್ಯಸ್ಮರಣೆಯ ದಿನ, ಹಾರ ಹಾಕಿದ ನಿಮ್ಮ ಭಾವಚಿತ್ರದ ಪಕ್ಕದಲ್ಲಿ ಒಂದು ದೊಡ್ಡ ಚೌಕಟ್ಟು ಕಂಡೆ. ಅದೇ ಗದ್ದೆ, ಅದೇ ಅಜ್ಜಿ. ಕೆಳಗೆ ನಿಮ್ಮ ಹೆಸರು. ನಿಮಗೆ ಬಹುಮಾನ ಬಂದ ಚಿತ್ರವಂತೆ, ಒಳಕೋಣೆಯಲ್ಲಿತ್ತಂತೆ, ತಾನೇ ಹೊರಗೆ ತಂದಿಟ್ಟೆ ಎಂದಳು ನೀಲಾ. ನೀವಿದ್ದ ಎರಡು ವರ್ಷ ನಾನು ಬಂದಾಗಲೆಲ್ಲ ಪಡಸಾಲೆಯಲ್ಲೇ ಕೂರಿಸಿ ಚಹಾ ಕೊಟ್ಟಿರಲ್ಲ, ಒಮ್ಮೆಯಾದರೂ ನಿಜ ಹೇಳಬೇಕೆನಿಸಲಿಲ್ಲವೇ? ಕೇಳಿದ್ದರೆ ಚಿತ್ರ ಕೊಡುತ್ತಿದ್ದೆ ಕಾಕಾ. ನನ್ನ ಕೈಯಿಂದ ಆಗದು ಎಂದು ಯಾಕೆ...

ವಾರದ ಮೇಲೆ ನೀಲಾಗೆ ಎಲ್ಲ ಹೇಳಿದೆ. ಕ್ಯಾಮೆರಾ ಎಷ್ಟು ತಗ್ಗಿನಲ್ಲಿತ್ತೆಂದು, ಕೆಸರುಬದುವಿನ ಮೇಲೆ ಮಲಗದೆ ಅದು ಬರದೆಂದು ಚಿತ್ರದಲ್ಲೇ ತೋರಿಸಿದೆ. ಅವಳು ಚೌಕಟ್ಟಿನ ಹತ್ತಿರ ಬಗ್ಗಿ ನೋಡಿದಳು.

"ಅಪ್ಪಾ ಹಿಂಗ ಮಾಡ್ಯಾನಂದ್ರ ನಂಬಾಕ ಮನಸ ಬರವಲ್ದು ಅಕ್ಕಾ" ಎಂದಳು. "ಆದ್ರ ಆವತ್ತು ನಿಮ್ಮಿಬ್ಬರ ಅರಿವಿ-ಬಟ್ಟಿನೂ ತೊಳದಾಕಿ ನಾನ. ಅಪ್ಪನ ಪ್ಯಾಂಟಿಗೆ ಒಂದ ಹನಿ ಕೆಸರಿರಲಿಲ್ಲ."

ನಿಮ್ಮ ಹೆಸರಿನ ಪಟ್ಟಿಯನ್ನು ಅವಳೇ ಕಿತ್ತಳು. ನನ್ನ ಹೆಸರು ಬರೆಸುತ್ತೇನೆಂದಳು. ನಾನು ಬೇಡ ಅನ್ನಲಿಲ್ಲ. ನಿಮ್ಮನ್ನು ಕ್ಷಮಿಸಿಯೂ ಇಲ್ಲ.

ಮೊನ್ನೆ ಭಾನುವಾರದ ಸುದ್ದಿ ನಿಮಗೆ ತಿಳಿಯದು. ಟ್ರೈಪಾಡ್ ಹೊತ್ತು ಖಾನಾಪುರದ ಹೊಳೆದಂಡೆಗೆ ಹೋಗಿದ್ದೆ. ಕಲಿಯುತ್ತೇನೆಂದು ನೀಲಾ ಜೊತೆಗೆ ಬಂದಿದ್ದಳು. ಒಂದೇ ಜಾಗದಿಂದ ಇಬ್ಬರೂ ತೆಗೆದೆವು. ಅವಳ ಚಿತ್ರ ನನ್ನದಕ್ಕಿಂತ ಚೆನ್ನಾಗಿ ಬಂದಿತ್ತು. ಒಂದು ಗಳಿಗೆ ಎದೆಯಲ್ಲಿ ಏನೋ ಚುಚ್ಚಿತು, ಸುಳ್ಳು ಹೇಳುವುದಿಲ್ಲ. ನಿಮಗೂ ಅಂದು ಹೀಗೇ ಚುಚ್ಚಿರಬೇಕು. ಆದರೂ ಅಲ್ಲೇ, ಅವಳ ಮುಖ ನೋಡಿಯೇ ಹೇಳಿದೆ:

"ನನಗಿಂತ ಚಂದ ತಗದೀ, ನೀಲಾ."

— ವಿದ್ಯಾ