ಫಿಲ್ಟರಿನ ಮೇಲಿನ ಹೆಬ್ಬೆಟ್ಟು

ಅಪ್ಪಾ,

ವಯರ್ ಸಡಿಲವಾಗಿತ್ತೆಂದು ಇವತ್ತು ಕ್ಯಾಮೆರಾವನ್ನು ರಿಪೇರಿಗೆ ಒಯ್ದಿದ್ದೆ. ದೂರದರ್ಶಕದಲ್ಲಿ ಆಕಾಶದ ನೀಹಾರಿಕೆಯ ಫೋಟೋ ತೆಗೆಯುವಾಗ ಕ್ಯಾಮೆರಾದ ಮುಂದೆ ಹಾಕುತ್ತೇನಲ್ಲ, ನಾಣ್ಯದಷ್ಟಗಲದ ಆ ಫಿಲ್ಟರ್ ಗಾಜು, ಅದನ್ನು ರಿಪೇರಿಯವರು ಬೆಳಕಿಗೆ ಹಿಡಿದು ನೋಡಿದರು.

"ಯಾರೋ ಹೆಬ್ಬೆಟ್ಟು ಒತ್ತಿಬಿಟ್ಟಿದ್ದಾರಲ್ರೀ. ಎರಡು ನಿಮಿಷ ಇರಿ, ಒರೆಸಿ ಕೊಡ್ತೀನಿ."

ಯಾರೋ ಅಲ್ಲ, ನೀವು. ಧೂಳು ಕಂಡಿತೆಂದು ಒರೆಸಲು ಹೋಗಿದ್ದಿರಿ. "ಮುಟ್ಟಬೇಡಿ ಅಂತ ಎಷ್ಟು ಸಲ ಬಡ್ಕೊಳ್ಳೋದು!" ಎಂದು ನಾನು ಹರಿಹಾಯ್ದಿದ್ದೆ. ಆಮೇಲೆ ತಾರಸಿಗೆ ಬಂದಾಗಲೆಲ್ಲ ನೀವು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ನಿಲ್ಲುತ್ತಿದ್ದಿರಿ. "ಸಿಕ್ತಾ ನಿನ್ನ ನೀಹಾರಿಕೆ?" ಎಂದು ದೂರದಿಂದಲೇ ಕೇಳುತ್ತಿದ್ದಿರಿ. "ಹೂಂ, ಸಿಕ್ತು" ಎನ್ನುತ್ತಿದ್ದೆ, ತಲೆ ಎತ್ತದೆ.

ನಿಮ್ಮ ಬೆರಳಿನ ಗುರುತು ಪ್ರತಿ ಚಿತ್ರದಲ್ಲೂ ಮಸುಕು ಕಲೆಯಾಗಿ ಬೀಳುತ್ತದೆ. ಅದಕ್ಕೆಂದೇ ದೂರದರ್ಶಕದ ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಬರೀ ಕಲೆಯದೇ ಬೇರೆ ಫೋಟೋ ತೆಗೆಯುತ್ತೇನೆ. ಅದನ್ನು ಕೊಟ್ಟರೆ ನೀಹಾರಿಕೆಯ ಚಿತ್ರದಲ್ಲಿರುವ ಕಲೆಯನ್ನು ಕಂಪ್ಯೂಟರು ಅಳಿಸುತ್ತದೆ. ನೀವು ಹೋಗಿ ಎರಡು ವರ್ಷವಾಯಿತು, ಈಗಲೂ ಅದೇ ಕೆಲಸ.

"ಬೇಡ, ಒರೆಸಬೇಡಿ" ಎಂದು ಫಿಲ್ಟರನ್ನು ಅವರ ಕೈಯಿಂದ ಕಿತ್ತುಕೊಂಡೆ. ಇವಳಿಗೆಲ್ಲೋ ತಲೆ ಕೆಟ್ಟಿದೆ ಎಂದುಕೊಂಡಿರಬೇಕು, ಪಾಪ.

ಮನೆಗೆ ಬರುವಷ್ಟರಲ್ಲಿ ಮೋಡ ಕವಿದಿತ್ತು. ನಾಳೆಯೂ ಮೋಡ ಸರಿಯುವಂತಿಲ್ಲ, ನೀಹಾರಿಕೆಯ ಆಸೆಯೇ ಇಲ್ಲ. ಆದರೂ ಸಂಜೆಯ ಬೆಳಕಿರುವಾಗಲೇ ತಾರಸಿ ಹತ್ತಿ, ದೂರದರ್ಶಕದ ಬಾಯಿಗೆ ನಿಮ್ಮ ಹಳೇ ಬಿಳಿ ಬನಿಯನ್ ಕಟ್ಟಿ, ಕಲೆಯ ಫೋಟೋ ಒಂದನ್ನೇ ತೆಗೆದುಕೊಂಡು ಕೆಳಗಿಳಿದೆ.