ನೀಲಜ್ಜಿಯ ಒಡಕು ದನಿ

ಮೌನವಾರ, ಹದಿನಾಲ್ಕನೆಯ ತಿಂಗಳ ನಲವತ್ತೊಂದನೆಯ ತಾರೀಕು, ಕ್ರಿ.ಶ. ೨೨೩೧
ಮೇಲ್ಮಾಳಿಗೆ ಬಡಾವಣೆ, ಹುಬ್ಬಳ್ಳಿ

ಪೂಜ್ಯ ನೀಲಜ್ಜಿಯವರಿಗೆ, ನಿಮ್ಮ ಮಗ ಸಂಗುವಿನ ವಂಶದಲ್ಲಿ ಎಷ್ಟೋ ತಲೆಮಾರು ದಾಟಿ ಹುಟ್ಟಿದ ಚನ್ನಬಸು ಮಾಡುವ ಶರಣು ಶರಣಾರ್ಥಿಗಳು.

ತಾರೀಕು ನೋಡಿ ಗಾಬರಿಯಾಗಬೇಡಿ. ಮೂವತ್ತು ದಿನದಲ್ಲಿ ಯಾರ ಕೆಲಸವೂ ಮುಗಿಯುವುದಿಲ್ಲವೆಂದು ನಮ್ಮ ಹಿರಿಯರು ತಿಂಗಳನ್ನೂ ವರ್ಷವನ್ನೂ ಹಿಗ್ಗಿಸಿದರು. ಸೂರ್ಯನ ಅಭಿಪ್ರಾಯ ಕೇಳಲಿಲ್ಲ. ಕೆಲಸ ಈಗಲೂ ಮುಗಿಯುವುದಿಲ್ಲ. ಈ ಪತ್ರದಲ್ಲಿ ನಿಮಗೆ ಪರಿಚಯವಿಲ್ಲದ ಕೆಲವು ಪದಗಳು ಬರುತ್ತವೆ, ಕ್ಷಮಿಸಬೇಕು. ಪದಗಳಿಗಾಗಿ ಕ್ಷಮೆ ಕೇಳುವುದು ಸುಲಭವಾದ್ದರಿಂದ ಅದನ್ನು ಮೊದಲು ಮುಗಿಸಿಕೊಂಡಿದ್ದೇನೆ. ಉಳಿದದ್ದಕ್ಕೆ ಮುಖ ತೋರಿಸುವ ಧೈರ್ಯ ಸಾಲದೆ ಪತ್ರ ಬರೆಯುತ್ತಿದ್ದೇನೆ.

ನಿಮ್ಮ ವೀಡಿಯೊ ಒಂದು ನಮ್ಮ ಮನೆಯಲ್ಲಿ ದೇವರ ಪಟದ ಪಕ್ಕ ಸದಾ ಓಡುತ್ತಿರುತ್ತದೆ. ಕಿವಿ ಕೇಳದ ಮಕ್ಕಳ ತರಬೇತಿ ಕೇಂದ್ರ. ನೀವು ಕಂಡಕ್ಟರ್ ಸಮವಸ್ತ್ರದಲ್ಲೇ ಬಂದು ಚಾಪೆಯ ಮೇಲೆ ಕೂತಿದ್ದೀರಿ, ಟಿಕೆಟ್ ಯಂತ್ರ ಮಗ್ಗುಲಲ್ಲಿದೆ. ಎದುರಿಗೆ ಮೂರು ವರ್ಷದ ಸಂಗು. ಆಪರೇಷನ್ ಆಗಿ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿಕೊಂಡ ಹುಡುಗ, ಕಿವಿಯ ಹಿಂದೆ ಯಂತ್ರ, ಕೂದಲಿನೊಳಗೆ ಅಂಟಿಕೊಂಡ ಬಿಲ್ಲೆ. ನೀವು ತುಟಿ ಕಾಣದಂತೆ ಅಂಗೈ ಅಡ್ಡ ಹಿಡಿದು ಒಂದೊಂದಾಗಿ 'ಆ', 'ಊ', 'ಈ', 'ಶ್', 'ಸ್', 'ಮ್' ಅನ್ನುತ್ತೀರಿ. ಕೇಳಿಸಿದರೆ ಅವನು ಒಂದು ಮಣಿಯನ್ನು ಡಬ್ಬಿಗೆ ಹಾಕಬೇಕು. ಅವನು ಮಣಿಯನ್ನು ಕೆನ್ನೆಗೆ ಒತ್ತಿಕೊಂಡು ನಿಮ್ಮನ್ನೇ ನೋಡುತ್ತಾ ಕೂತಿದ್ದಾನೆ. ಆಗ ನೀವು ಸೋತು ಟೀಚರಿಗೆ ಒಂದು ಮಾತು ಹೇಳುತ್ತೀರಿ:

"ಮಾನ್ಯರೇ, ನನ್ನ ಧ್ವನಿಯು ಒಡಕಾಗಿರುವುದರಿಂದ ಮಗುವಿಗೆ ತಾವೇ ಬೋಧಿಸಬೇಕೆಂದು ಕೋರುತ್ತೇನೆ."

"ಅಮ್ಮನವರೇ, ಮಗು ಪ್ರತಿನಿತ್ಯ ಆಲಿಸುವ ಧ್ವನಿ ಯಾರದು? ತಮ್ಮದಲ್ಲವೇ? ದಯವಿಟ್ಟು ಮುಂದುವರಿಸಿ," ಎನ್ನುತ್ತಾರೆ ಟೀಚರು.

ನೀಲಜ್ಜಿ, ಇಡೀ ದಿನ ಬಸ್ಸಿನಲ್ಲಿ ಜನರನ್ನು ಮುಂದಕ್ಕೆ ದಬ್ಬಿ ಬಂದ ಯಾವ ಹೆಂಗಸೂ ಹೀಗೆ ಮಾತಾಡಿರಲಾರಳು ಎಂಬ ಅನುಮಾನ ನನಗೆ ಬರಬೇಕಿತ್ತು. ಬರಲಿಲ್ಲ. ನಿಮ್ಮ ದನಿ ಒಡಕು ಎಂಬುದನ್ನು ನೀವೇ ಜೇನು ಸುರಿದಂಥ ದನಿಯಲ್ಲಿ ಹೇಳುತ್ತಿದ್ದೀರಲ್ಲ ಎಂದೂ ಹೊಳೆಯಲಿಲ್ಲ. ನಮ್ಮ ಹಿರಿಯರು ನಿಮ್ಮ ವೀಡಿಯೊವನ್ನು ತೊಳೆದಿದ್ದರು. ತೊಳೆಯುವಾಗ ನಿಮ್ಮ ದನಿಯೂ ನೀರಿನ ಜೊತೆ ಹೋಗಿದೆ.

ಇದು ಹೇಗಾಯಿತೆಂದು ವಿವರಿಸುವುದು ನನ್ನ ಕರ್ತವ್ಯ. ನಿಮ್ಮ ಕಾಲದ ತಜ್ಞರು ಇಂಥ ಮಕ್ಕಳನ್ನು ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, ಸ್ಪಷ್ಟವಾದ ದನಿಯಲ್ಲಿ ಪದಗಳನ್ನು ಕೇಳಿಸಿ, ಎಷ್ಟು ಗುರುತಿಸುತ್ತಾರೆಂದು ಪರೀಕ್ಷಿಸುತ್ತಿದ್ದರು. ಅಲ್ಲಿ ಚೆನ್ನಾಗಿ ಗುರುತಿಸುತ್ತಿದ್ದ ಮಗು ಮನೆಗೆ ಬಂದರೆ ತಬ್ಬಿಬ್ಬು. ಮನೆಯಲ್ಲಿ ಕುಕ್ಕರ್ ಕೂಗುತ್ತದೆ, ಟಿವಿ ಅರಚುತ್ತದೆ, ನೆಗಡಿಯಾದ ಸೋದರಮಾವ ಬಾಯಲ್ಲಿ ಅಡಕೆ ಇಟ್ಟುಕೊಂಡೇ ಮಾತಾಡಿಸುತ್ತಾನೆ. ನೀವೆಲ್ಲ ಏನು ಮಾಡಿದಿರಿ? ಕುಕ್ಕರ್ ಇಳಿಸಿದಿರಿ, ಟಿವಿ ಆರಿಸಿದಿರಿ, ಹತ್ತಿರ ಕೂತು ಮತ್ತೆ ಮತ್ತೆ ಹೇಳಿದಿರಿ, ದಿನ ಕಳೆದಂತೆ ಮಗು ಮಾವನನ್ನೂ ಅರ್ಥಮಾಡಿಕೊಂಡಿತು. ನಮ್ಮವರು ಅಷ್ಟು ತಾಳ್ಮೆಯ ಜನರಲ್ಲ. ಅವರು ಮಾವನನ್ನೇ ರಿಪೇರಿ ಮಾಡಿದರು.

ಆ ರಿಪೇರಿಯ ಹೆಸರು ಸೋಸುಗಿವಿ. ಯಾರು ಏನೇ ಮಾತಾಡಲಿ, ಅದನ್ನು ಸೋಸಿ, ತಪ್ಪು ತಿದ್ದಿ, 'ಮಾದರಿ ದನಿ' ಎಂಬ ಒಂದೇ ಇಂಪಾದ ದನಿಯಲ್ಲಿ ಕೇಳಿಸುವ ಯಂತ್ರ. ಮೊದಲು ಇಂಪ್ಲಾಂಟ್ ಇದ್ದ ಮಕ್ಕಳಿಗೆ ಕೊಟ್ಟರು. ಅವರ ಅಂಕಗಳು ಆಕಾಶಕ್ಕೇರಿದವು. ಹೊಟ್ಟೆಕಿಚ್ಚಿಗೆ ಕಿವಿ ಕೇಳುವವರೂ ಹಾಕಿಸಿಕೊಂಡರು. ನಿಮ್ಮದರಂಥ ಹಳೆಯ ವೀಡಿಯೊಗಳನ್ನೂ ಅದರಲ್ಲೇ ತೊಳೆದರು. ಈಗ ಎಲ್ಲರಿಗೂ ಎಲ್ಲರೂ ಒಂದೇ ದನಿಯಲ್ಲಿ ಕೇಳಿಸುತ್ತಾರೆ. ಮಂತ್ರಿಗಳು, ಮೀನು ಮಾರುವವರು, ಮಾತಾಡುವ ಬಾಗಿಲು, ಮಾತಾಡುವ ಒಲೆ, ಎಲ್ಲರದೂ ಅದೇ. ಜಗಳವಾಡಿದರೂ ಸನ್ಮಾನ ಸಮಾರಂಭದಂತಿರುತ್ತದೆ. ಸೋಸದ ಸ್ವಂತ ದನಿಗೆ ನಾವು 'ಬರಿದನಿ' ಎನ್ನುತ್ತೇವೆ. ಬರಿದನಿಯಲ್ಲಿ ಮಾತಾಡುವುದು ಚಡ್ಡಿಯಲ್ಲಿ ಮದುವೆಗೆ ಹೋದಂತೆ. ನನ್ನ ಹೆಂಡತಿಯೊಂದಿಗೆ ಇಡೀ ಸಂಸಾರ ನಡೆಸಿದೆ, ಅವಳು ಹೋಗಿಯೂ ಆಯಿತು. ಅವಳ ದನಿ ಹೇಗಿತ್ತೆಂದು ನನಗೆ ಗೊತ್ತಿಲ್ಲ. ಇದನ್ನು ಬರೆಯುವವರೆಗೆ ಅದೊಂದು ಕೊರತೆಯೆಂದೂ ಗೊತ್ತಿರಲಿಲ್ಲ.

ಈಗ ಸುವ್ವಿಯ ವಿಷಯ. ಸುವ್ವಿ ನನ್ನ ಮಗಳು ಬನಶ್ರೀಯ ಮಗಳು, ಐದು ವರ್ಷ. ನಿಮ್ಮ ಸಂಗುವಿನಂತೆ ಹುಟ್ಟಿನಿಂದ ಕಿವಿ ಕೇಳದು, ಅವನಂತೆಯೇ ಇಂಪ್ಲಾಂಟ್. ಶಬ್ದಗ್ರಹಣ ಪರೀಕ್ಷೆಯಲ್ಲಿ ಪೂರ್ತಿ ಅಂಕ ತಂದಳು. ನಾನು ಬಡಾವಣೆಗೆಲ್ಲ ಹೋಳಿಗೆ ಹಂಚಿದೆ. ಅದೇ ಸಂಜೆ ಅವಳು ಹಳೆಯ ಚಿತ್ರವೊಂದರಲ್ಲಿ ಕಣ್ಣುಕಟ್ಟಿ ಆಡುವ ಆಟ ನೋಡಿ ಬಂದು ತಾನೂ ಆಡಬೇಕೆಂದು ಹಠ ಹಿಡಿದಳು. ಕಣ್ಣಿಗೆ ಟವೆಲ್ ಕಟ್ಟಿದೆವು. ನಾನು ಹಿಂದೆ ನಿಂತು, "ನಾನು ಯಾರು ಹೇಳು ಪುಟ್ಟಿ?" ಎಂದೆ.

"ಒಲೆ," ಎಂದಳು.

"ಅಲ್ಲ."

"ಬಾಗಿಲು."

"ಅಲ್ಲ, ಸರಿಯಾಗಿ ಕೇಳು."

ಬಹಳ ಯೋಚಿಸಿ, "ನೀರಿನ ಟ್ಯಾಂಕು ತುಂಬಿದೆ ಅಂತ ಹೇಳುವವರು?" ಎಂದಳು.

ನೀಲಜ್ಜಿ, ಈ ಜನ್ಮದಲ್ಲಿ ನನಗೆ ದೊಡ್ಡ ಆಸೆಗಳಿರಲಿಲ್ಲ. ಆದರೆ ಮೊಮ್ಮಗಳ ಮನಸ್ಸಿನಲ್ಲಿ ಒಲೆ, ಬಾಗಿಲು, ಟ್ಯಾಂಕಿನ ನಂತರವಾದರೂ ಜಾಗವಿದೆಯೆಂದುಕೊಂಡಿದ್ದೆ. ಟವೆಲ್ ಬಿಚ್ಚಿ ನನ್ನನ್ನು ನೋಡಿ ಅವಳು ನಕ್ಕಳು. ನಾನೂ ನಕ್ಕೆ. ಆಮೇಲೆ ಬಚ್ಚಲುಮನೆಗೆ ಹೋಗಿ ಮುಖ ತೊಳೆದುಕೊಂಡೆ. ಪೂರ್ತಿ ಅಂಕ ತಂದ ಮಗುವಿಗೆ ತನ್ನವರು ಯಾರೆಂದು ಕಣ್ಣು ಬಿಟ್ಟರೆ ಮಾತ್ರ ಗೊತ್ತು. ಅದಕ್ಕೆ ನಾನು ಹೋಳಿಗೆ ಹಂಚಿದ್ದೆ.

ಮರುದಿನ ಕಿಟಕಿ ಮುಚ್ಚಿ, ಪರದೆ ಎಳೆದು, ಸುವ್ವಿಯ ಇಂಪ್ಲಾಂಟ್ ಹಾಗೇ ಬಿಟ್ಟು ಸೋಸುಗಿವಿಯ ಸೋಸುಗುಂಡಿಯನ್ನಷ್ಟೇ ಆರಿಸಿದೆ, ನನ್ನದನ್ನೂ ಆರಿಸಿದೆ. ನಿಮ್ಮಂತೆ ಅಂಗೈ ಅಡ್ಡ ಹಿಡಿದೆ. ನಿಮ್ಮ ಉದ್ದೇಶ ಮಗು ತುಟಿ ನೋಡಬಾರದೆಂದು, ನನ್ನದು ನಾಚಿಕೆ. 'ಆ' ಎಂದೆ. ಹಳೆಯ ಕಬ್ಬಿಣದ ಗೇಟು ತೆರೆದಂಥ ಸದ್ದು ಎಲ್ಲಿಂದಲೋ ಬಂತು. ಅದು ನಾನೆಂದು ತಿಳಿಯಲು ನನಗೇ ಹೊತ್ತು ಬೇಕಾಯಿತು. ಸುವ್ವಿ ಕಿರುಚಿ ಮೇಜಿನ ಕೆಳಗೆ ಸೇರಿದಳು. ಬನಶ್ರೀ ಓಡಿ ಬಂದವಳು ವಿಷಯ ತಿಳಿದು ಕೆಂಪಾದಳು. ನಾನು ಸೋಸುಗಿವಿ ಮತ್ತೆ ಹಾಕಿಕೊಳ್ಳುವವರೆಗೆ ಅವಳು ಬಾಯಿ ಬಿಗಿಹಿಡಿದಿದ್ದ ಕೋಪ ಹೀಗೆ ತಲುಪಿತು:

"ತಂದೆಯವರೇ, ಎಳೆಯ ಮಗುವಿನೆದುರು ಬರಿದನಿಯೇ? ಶಾಲೆಯ ಪ್ರವೇಶ ಪರೀಕ್ಷೆ ಸಮೀಪಿಸಿದೆ. ಕಿವಿ ಕೆಟ್ಟು ಅಂಕ ಕುಸಿದರೆ ತಾವು ಹೊಣೆಯೇ?"

ಹೊಣೆ ನಾನೇ ಆದೆ. ದಿನಾ ಒಂದಿಷ್ಟು ಹೊತ್ತು ಕದ್ದು ಆಡಿದೆವು. ಅವಳು ಮೇಜಿನ ಕೆಳಗೆ, ನಾನು ಮೇಜಿನ ಹೊರಗೆ, ನಡುವೆ ಒಂದು ಡಬ್ಬಿ ಮಣಿ. 'ಆ' ಎಂದು ಹೇಳಿ ಕಾಯುತ್ತಿದ್ದೆ. ನಮ್ಮ ಕಾಲದವರಿಗೆ ಕಾಯುವುದು ಬರುವುದಿಲ್ಲ. ನಿಮ್ಮ ವೀಡಿಯೊ ನೋಡಿ ಕಲಿಯೋಣವೆಂದರೆ ತೊಳೆದವರು ನೀವು ಕಾದದ್ದನ್ನೆಲ್ಲ ಕತ್ತರಿಸಿದ್ದಾರೆ. ಟೀಚರು 'ಮುಂದುವರಿಸಿ' ಎಂದ ಮರುಗಳಿಗೆಯೇ ನೀವು 'ಆ' ಅನ್ನುತ್ತೀರಿ, ಸಂಗು ತಟಕ್ಕನೆ ಮಣಿ ಹಾಕುತ್ತಾನೆ. ಎಂಥ ಸುಳ್ಳು! ನನ್ನದರಲ್ಲಿ ಮಣಿ ಬೀಳಲೇ ಇಲ್ಲ. ಪ್ರವೇಶ ಪರೀಕ್ಷೆ ಬಂತು. ಸುವ್ವಿ ಮಾದರಿ ದನಿ ಕೇಳುವುದನ್ನು ಬಿಟ್ಟು ಪರೀಕ್ಷಕರ ಕಡೆ ತಿರುಗಿ, 'ನಿಮ್ಮ ಬರಿದನಿ ಕೇಳಿಸಿ' ಎಂದಳಂತೆ. ಅವರು ಶಾಲು ಸರಿಪಡಿಸಿಕೊಂಡು ಎದ್ದು ಹೋದರಂತೆ. ಸೀಟು ಸಿಗಲಿಲ್ಲ. ಬನಶ್ರೀ ನನ್ನೊಡನೆ ಮಾತು ಬಿಟ್ಟಳು.

ನಿನ್ನೆ ಸುವ್ವಿ ತಾನಾಗಿ ಟವೆಲ್ ತಂದು ಕಣ್ಣಿಗೆ ಕಟ್ಟಿಸಿಕೊಂಡಳು. ಸೋಸುಗುಂಡಿಯನ್ನು ತಾನೇ ಆರಿಸಿಕೊಂಡಳು, ನಾನೂ ನನ್ನದನ್ನು ಆರಿಸಿದೆ. ನಾನು ಹಿಂದೆ ಹೋಗಿ, ಹೆದರಿಸಬಾರದೆಂದು, ಎಲ್ಲಕ್ಕಿಂತ ಸಣ್ಣದಾದ 'ಮ್' ಎಂದೆ. ಕಾದೆ. ಮಣಿ ಅವಳ ಕೈಯಲ್ಲಿತ್ತು. ಅದನ್ನು ಕೆನ್ನೆಗೆ ಒತ್ತಿಕೊಂಡಳು, ಥೇಟ್ ಸಂಗುವಿನಂತೆ. ಕೊನೆಗೆ ಮಣಿ ಡಬ್ಬಿಗೆ ಬಿತ್ತು.

"ಇದು ಒಲೆ ಅಲ್ಲ," ಎಂದಳು.

ತಾತ ಎನ್ನಲಿಲ್ಲ. ಅಷ್ಟು ದೂರ ಇನ್ನೂ ಬಂದಿಲ್ಲ. ಆದರೂ ಈ ಮನೆಯಲ್ಲಿ ಒಲೆಯಲ್ಲದವರು ಒಬ್ಬರಿದ್ದಾರೆಂದು ಅವಳಿಗೆ ಗೊತ್ತಾಗಿದೆ. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಆಗ ಬಾಗಿಲ ಬಳಿಯಿಂದ ಇನ್ನೊಂದು ಸದ್ದು ಬಂತು. ಬನಶ್ರೀ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ನನ್ನ ಸೋಸುಗಿವಿ ಆರಿತ್ತೆಂಬುದನ್ನು ಮರೆತಿದ್ದಳೋ, ಬೇಕೆಂದೇ ಮಾತಾಡಿದಳೋ, ನಾನು ಕೇಳಲಿಲ್ಲ.

"ಯಪ್ಪಾ, ಬಾಗಲಾ ಹಾಕ್ಕೊಂಡರ ಕುಂದ್ರಬಾರ್ದೇನ? ಮಂದಿ ಕೇಳಿದ್ರ ಏನಂದಾರು! ಸರೀರಿ ಅತ್ತಾಗ, ನಾನೂ ಒಂದ ಸಲಾ 'ಮ್' ಅಂತೀನಿ."

ನನ್ನ ಮಗಳ ದನಿಯನ್ನು ಮೊದಲ ಬಾರಿ ಕೇಳಿದೆ, ನೀಲಜ್ಜಿ. ಒಡಕು. ನಡುವೆ ಸೀಳಿದ ಬಿದಿರಿನಂತೆ, ತುಂಬಿದ ಬಸ್ಸಿನ ಹಿಂದಿನ ಬಾಗಿಲವರೆಗೂ ಮುಟ್ಟುವಂತೆ ಒಡಕು. ಅವಳು ಕಂಡಕ್ಟರಲ್ಲ, ಕೂತು ಕೆಲಸ ಮಾಡುವವಳು. ಗಂಟಲು ಹರಿದುಕೊಳ್ಳುವ ಕಾರಣವೇ ಇಲ್ಲ. ಅದು ನಿಮ್ಮದೇ ಎಂದು ನಾನು ನಂಬಿದ್ದೇನೆ. ವಿಜ್ಞಾನ ಒಪ್ಪದಿದ್ದರೆ ವಿಜ್ಞಾನ ಬೇರೆ ಮನೆ ನೋಡಿಕೊಳ್ಳಲಿ. ನಾವು ವೀಡಿಯೊ ತೊಳೆದೆವು. ಇವಳ ಗಂಟಲನ್ನು ತೊಳೆಯುವುದು ನಮ್ಮಿಂದಾಗಲಿಲ್ಲ.

ಆದ್ದರಿಂದ ಒಂದೇ ಬೇಡಿಕೆ. ನಾಳೆ ಆ ಚಾಪೆಯ ಮೇಲೆ ಕೂತಾಗ ಟೀಚರಿಗೆ 'ನೀವೇ ಹೇಳಿಕೊಡಿ' ಎನ್ನಬೇಡಿ. ನಾಚಿಕೊಳ್ಳುವ ಪಾಳಿ ನಿಮ್ಮದಲ್ಲ, ನಮ್ಮದು. ಅದನ್ನು ನಾವು ಇಲ್ಲಿ ಚೆನ್ನಾಗಿ ನಿಭಾಯಿಸುತ್ತಿದ್ದೇವೆ. ಅಂಗೈ ಅಡ್ಡ ಹಿಡಿದು ಆ ಒಡಕು ದನಿಯಲ್ಲೇ ಹೇಳಿ, ಸಂಗು ಮಣಿ ಹಾಕುವವರೆಗೆ ಕಾಯಿರಿ. ಅವನು ಕೆನ್ನೆಗೆ ಮಣಿ ಒತ್ತಿಕೊಂಡು ಕೂತಿರುವುದು ಕೇಳಿಸದೆ ಅಲ್ಲ. ಯಾರ ದನಿಯೆಂದು ನೋಡುತ್ತಿದ್ದಾನೆ.

ಇಂತು ನಿಮ್ಮ,
ಒಲೆಯಲ್ಲದ ಚನ್ನಬಸು