ಮುಹರ್ರಕ್‌ನಲ್ಲಿ ಉಳಿದವಳು

ನನ್ನ ಅಜ್ಜಿಗೆ,

ಆಸ್ಪತ್ರೆಯಲ್ಲಿ ನೀನು ನನ್ನ ಕೈ ಹಿಡಿದು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಹಾಸ್ಟೆಲ್ ಮುಗೀತು, ಇನ್ನು ಅಪ್ಪನ ಹತ್ತಿರ ಬಹ್ರೈನಿಗೆ ಓದ್ಲಿಕ್ಕೆ ಹೋಗ್ತೀಯಲ್ಲ ಮಗಾ. ಅವಳನ್ನು ಎಲ್ಲಿ ಇಟ್ರು ಅಂತ ಕೇಳ್ತೀಯಾ?" ಯಾರನ್ನು ಅಂತ ಕೇಳಿದೆ ನಾನು. ಅಪ್ಪನಿಗಿಂತ ಮೊದಲು ಅಲ್ಲಿ ಹುಟ್ಟಿ, ಹೆಸರಿಡುವ ಮೊದಲೇ ಹೋದ ಹೆಣ್ಣುಮಗು ಅಂದೆ ನೀನು. ಆಗ ನೀನಿನ್ನೂ ಬಾಣಂತಿ. ಅಜ್ಜ ಬಟ್ಟೆಯಲ್ಲಿ ಸುತ್ತಿ ತಗೊಂಡು ಹೋದರು, ಬಂದು ಸ್ನಾನ ಮಾಡಿದರು, ಎಲ್ಲಿ ಅಂತ ಸಾಯುವವರೆಗೂ ಬಾಯಿ ಬಿಡಲಿಲ್ಲ. "ನಿನ್ನ ಅಪ್ಪನಿಗೆ ಗೊತ್ತಿಲ್ಲ. ಹೇಳ್ಬೇಡ." ಇಷ್ಟು ವರ್ಷ ಒಬ್ಬಳೇ ಹೇಗೆ ಇಟ್ಟುಕೊಂಡೆ ಅಜ್ಜಿ?

ಇಲ್ಲಿಯ ಕಾಲೇಜಿನಲ್ಲಿ ಹಿಸ್ಟರಿ ಮ್ಯಾಮ್ ಪ್ರಾಜೆಕ್ಟ್ ಕೊಟ್ಟ ದಿನ ನನಗೆ ಮತ್ತೆ ಅವಳದ್ದೇ ನೆನಪು. ನಿಮ್ಮ ಕುಟುಂಬದಲ್ಲಿ ಇಲ್ಲಿ ಬಂದು ನೆಲೆಸಿದ ಮೊದಲಿಗರು ಯಾರು? ಬ್ರಿಟಿಷ್ ಹುಡುಗಿಯೊಬ್ಬಳು ಎಣ್ಣೆ ಬಾವಿ ತೋಡಲು ಬಂದ ಮುತ್ತಜ್ಜನ ಆಲ್ಬಮ್ಮನ್ನೇ ತಂದಳು. ನನ್ನ ಸರದಿ ಬಂದಾಗ ಎದ್ದು ನಿಂತೆ. "ಅಜ್ಜ, ಮ್ಯಾಮ್. ಹಡಗಲ್ಲಿ ಬಂದ್ರು. ಬಟ್ಟೆ ಅಂಗಡಿಯಲ್ಲಿ ಕೆಲಸ," ಅಂದು ಕೂತುಬಿಟ್ಟೆ. ಅಷ್ಟೇನಾ ಅಂತ ನನಗೇ ಅನಿಸಿತು.

ಒಂದು ಶುಕ್ರವಾರ ಮುಹರ್ರಕ್‌ಗೆ ಹೋದೆ, ನೀವು ಆಗ ಇದ್ದ ಊರಿಗೆ. ಖುಬ್ಬೂಸ್ ರೊಟ್ಟಿ ಅಂಗಡಿಯ ಹಿಂದಿನ ಓಣಿ ಅಂತ ನೀನು ಹೇಳಿದ್ದಷ್ಟೇ ಗೊತ್ತು. ನಿನ್ನ ಹೆಸರು ಹೇಳಿದ್ದಕ್ಕೆ ಅಂಗಡಿಯವನೇ ನಿನ್ನ ಆಗಿನ ನೆರೆಮನೆಯಾಕೆ ಉಮ್ ಯೂಸುಫ್ ಹತ್ತಿರ ಕರ್ಕೊಂಡು ಹೋದ. ಅವರಿಗೆ ಈಗ ಕಣ್ಣು ಮಂಜು. ಹಿಂದಿಗೆ ಅರಬಿ ಬೆರೆಸಿ ಮಾತಾಡ್ತಾರೆ. ನನ್ನ ಮುಖ ಸವರಿ ನಕ್ಕರು. "ಮೂಗು ನಿನ್ನಜ್ಜಿ ರತ್ನಾಳದ್ದೇ! ಆದರೆ ಅವಳು ನಿನ್ನ ಹಾಗೆ ನಡುಗ್ತಿರಲಿಲ್ಲ. ಕೂತ್ಕೋ, ಗಹ್ವಾ ಕುಡಿ," ಅಂತ ಕಾಫಿ ಲೋಟ ಮುಂದೆ ತಳ್ಳಿದರು.

ಮಗುವಿನ ವಿಷಯ ಎತ್ತಿದಾಗ ನಗು ನಿಂತಿತು. ಅಂದು ಅಜ್ಜನ ಜೊತೆ ಗುಂಡಿ ತೋಡಲು ಹೋದದ್ದು ಅವರ ಗಂಡ. ಸಮುದ್ರದ ಅಂಚಿಗೆ. "ಯಾಕೆ ಹೇಳಲಿಲ್ಲ?" ಅಂದೆ. "ನಿನ್ನ ಅಜ್ಜ ಆಣೆ ಹಾಕಿಸಿದ, ಬಿಂತಿ, ಮಗಳೇ. ಗೊತ್ತಾದರೆ ಅವಳು ಅಲ್ಲೇ ಕೂತುಬಿಡ್ತಾಳೆ, ಊರಿಗೆ ಹಡಗು ಹತ್ತೋದಿಲ್ಲ ಅಂದ." ನೀವು ಊರಿಗೆ ಹೋದ ಮೇಲೆ ಉಮ್ ಯೂಸುಫ್ ಅವರೇ ಶುಕ್ರವಾರ ಶುಕ್ರವಾರ ಅಲ್ಲಿಗೆ ಹೋಗಿ ನೀರು ಹಾಕಿ ಬರುತ್ತಿದ್ದರಂತೆ. ಲಾರಿಗಳು ಬಂದು ಸಮುದ್ರಕ್ಕೆ ಮಣ್ಣು ತುಂಬುವವರೆಗೆ.

ಜಾಗ ತೋರಿಸಲು ಮೊಮ್ಮಗನನ್ನು ನನ್ನ ಜೊತೆ ಕಳಿಸಿದರು. ಅಜ್ಜಿ, ಅಲ್ಲೀಗ ಕಾರು ನಿಲ್ಲಿಸುತ್ತಾರೆ. ಸಮುದ್ರ ಕಾಣುವುದೇ ಇಲ್ಲ. ನೀನು ಕೇಳಿದ್ದಕ್ಕೆ ಇದಾ ಉತ್ತರ... ಅಜ್ಜ ಊರಿಗೆ ತಿರುಗಿ ಬಂದರು, ನೀನೂ ಬಂದೆ. ನಮ್ಮವರಲ್ಲಿ ಇಲ್ಲೇ ಉಳಿದವಳು ಅವಳೊಬ್ಬಳೇ. ಮ್ಯಾಮ್‌ಗೆ ಏನಂತ ಬರೆದುಕೊಡಲಿ? ಹೆಸರೇ ಇಲ್ಲವಲ್ಲ.

ಅಪ್ಪ ಪಕ್ಕದ ಊರು ಹಿದ್‌ನಲ್ಲಿ ಡ್ಯೂಟಿ ಮುಗಿಸಿ ಕರ್ಕೊಂಡು ಹೋಗಲು ಅಲ್ಲಿಗೇ ಬಂದರು. "ಎಂತ ಮಾರಾಯ್ತಿ, ಕಣ್ಣೆಲ್ಲ ಕೆಂಪು? ಫೋನ್ ಕಳ್ಕೊಂಡ್ಯಾ?" ನನ್ನಿಂದ ಆಗಲಿಲ್ಲ ಅಜ್ಜಿ. ಎಲ್ಲ ಹೇಳಿಬಿಟ್ಟೆ. ನಿನಗೆ ಸಿಟ್ಟು ಬಂತಾ?

ಅಪ್ಪ ಗಾಡಿ ಆಫ್ ಮಾಡಿದರು. ಮನೆಯಲ್ಲಿ ಎಲ್ಲರಿಗೂ ದೊಡ್ಡಣ್ಣ ಅವರು. ತಂಗಿಯರ ಮದುವೆ, ತಮ್ಮನ ಓದು, ಎಲ್ಲ ಹೊತ್ತವರು. ಆಮೇಲೆ ಇಳಿದು, ಬಿಸಿಲಲ್ಲಿ ಶೂ ಬಿಚ್ಚಿ, ಸುಡುವ ಡಾಂಬರಿನ ಮೇಲೆ ಬರಿಗಾಲಲ್ಲಿ ನಿಂತರು. ಮೆಲ್ಲಗೆ, ಆ ಶಬ್ದ ಬಾಯಿಗೆ ಹೊಸತು ಅನ್ನುವ ಹಾಗೆ, ಒಮ್ಮೆ ಕರೆದರು.

"ಅಕ್ಕಾ."